ಉಳಿಸದೆ ಬಿಟ್ಟದ್ದು

ಮೂರು ಲಕ್ಷ ನಲವತ್ತೊಂದು ಸಾವಿರನೆಯ ಹೆಜ್ಜೆಯಲ್ಲಿ
ಮಂಜುಗಡ್ಡೆ ಇಡಿಯಾಗಿದೆ.
ನಲವತ್ತೆರಡರಲ್ಲಿ ಎರಡು ಹೋಳು,
ನಡುವೆ ಕಪ್ಪು ನೀರಿನ ಗೆರೆ.
ಈ ಎಂಟು ಗಂಟೆ ಏನು ನಡೆಯಿತು?
ಯಂತ್ರಕ್ಕೆ ಗೊತ್ತಿತ್ತು.
ಈಗ ಗೊತ್ತಿಲ್ಲ.

ಹೆಲ್ವಿ ಕರ್ಪ್ಪಿನೆನ್ ಕನ್ನಡಕ ತೆಗೆದು ಹುಬ್ಬು ಒತ್ತಿಕೊಳ್ಳುತ್ತಾಳೆ.
ಕಾಯಾನಿಯಲ್ಲಿ, ಹಿಂದೆ ಕಾಗದ ಸುತ್ತಿ ಸುತ್ತಿ
ಹೊರಗೆ ಬರುತ್ತಿದ್ದ ಕಾರ್ಖಾನೆಯ ಜಾಗದಲ್ಲಿ
ಈಗ ಸೂಪರ್ ಕಂಪ್ಯೂಟರು,
ಹಗಲಿರುಳು ಒಂದು ಕೊಲ್ಲಿಯನ್ನು ಹೆಪ್ಪುಗಟ್ಟಿಸುತ್ತ:
ಬೋತ್ನಿಯಾದ ಒಂದು ಚಳಿಗಾಲ
ಹತ್ತು ಹತ್ತು ಮೀಟರಿನ ಚೌಕಗಳಾಗಿ,
ಅರೆ ನಿಮಿಷಕ್ಕೊಂದು ಹೆಜ್ಜೆಯಾಗಿ,
ಒಂದೊಂದು ಚೌಕಕ್ಕೂ ಗಾಳಿ, ಉಪ್ಪು, ದಪ್ಪ, ಬಿಗಿತ.
ಎಲ್ಲವನ್ನೂ ಬರೆದಿಡಹೊರಟರೆ
ಬರೆದು ಮುಗಿಯುವ ಮೊದಲು
ಹೊರಗಿನ ನಿಜದ ಗಡ್ಡೆ ಕರಗಿ ಹೋದೀತು.
ಅದಕ್ಕೇ ಸಾವಿರಕ್ಕೊಂದು ಹೆಜ್ಜೆ ಉಳಿಸಿ
ಒಂಬೈನೂರ ತೊಂಬತ್ತೊಂಬತ್ತನ್ನು
ಹುಟ್ಟಿದ ಗಳಿಗೆಯಲ್ಲೇ ಅಳಿಸುವುದು.
ಇದನ್ನು ನಿರ್ಧರಿಸಿದವಳೂ ಅವಳೇ,
ಅಕ್ಟೋಬರಿನ ಒಂದು ಸೋಮವಾರ, ಕಾಫಿ ಆರುವಷ್ಟರಲ್ಲಿ.

ಅನ್ನ ಬೆಂದಿತೇ ನೋಡಲು ಒಂದಗುಳು ಸಾಕು,
ನಿಜ; ಬೇಯುವಾಗ ಇಡೀ ಪಾತ್ರೆ ಒಟ್ಟಿಗೆ ಬೇಯುತ್ತದೆ.
ಬಿರುಕಿಗೆ ಆ ನ್ಯಾಯ ಒಪ್ಪುವುದಿಲ್ಲ.
ಅದು ಒಂದೇ ಕಡೆ, ಒಂದೇ ಸಲ,
ಯಾರೂ ಹಿಚುಕದ ಅಗುಳಿನಲ್ಲಿ.

ಉಳಿದದ್ದೇನೂ ಕಮ್ಮಿಯಲ್ಲ, ಎಂಟುನೂರು ಟೆರಾಬೈಟು.
ಸರಾಸರಿ ತೆಗೆದಳು. ಸರಾಸರಿ ಬಲು ಸಭ್ಯ,
ಯಾರ ಮೇಲೂ ದೂರು ಹೇಳದು.
ಬಿಗಿತಕ್ಕೆ ಕೆಂಪು ಬಳಿದಳು, ದಪ್ಪಕ್ಕೆ ನೀಲಿ.
ಕಣ್ಣಿಗೆ ಹಬ್ಬ.
ಗೋಡೆಗೆ ತೂಗುಹಾಕಬಹುದು, ಅಷ್ಟೆ.

ಗುರುವಾರ ಊಲುವಿಗೆ ಫೋನು ಮಾಡಿದಳು,
ದ್ವೀಪಕ್ಕೆ ಹೋಗುವ ಮಂಜಿನ ರಸ್ತೆಯನ್ನು
ಮೂವತ್ತು ಚಳಿಗಾಲ ಅಳೆದ ತೈಸ್ತೊಗೆ.
ಎಷ್ಟು ಮೀಟರಿಗೊಂದು ತೂತು ಕೊರೆಯುತ್ತಿದ್ದೆ?
ಅತ್ತಲಿಂದ ಬಹಳ ಹೊತ್ತು ಉಸಿರು ಮಾತ್ರ.
ಲೈನು ಕಟ್ಟಾಯಿತೇನೋ ಅಂದುಕೊಂಡಳು.
"ರೂಲ್ಸಿನಲ್ಲಿ ಇನ್ನೂರಕ್ಕೊಂದು ಅಂತಿತ್ತು," ಅಂದ.
"ಕೊರೆಯುತ್ತಿದ್ದದ್ದು
ಕಾಲ ಕೆಳಗಿನ ಸದ್ದು ಬದಲಾದಲ್ಲಿ."
ಆಮೇಲೆ ಇಬ್ಬರೂ ಮೀನಿನ ವಿಷಯ ಮಾತಾಡಿದರು.

ರಾತ್ರಿ ಕೂತು ಹನ್ನೊಂದು ಸಾಲು ಬರೆದಳು:
ಹೆಜ್ಜೆ ಎಣಿಸಬೇಡ, ಕಿವಿಗೊಡು.
ಅಕ್ಕಪಕ್ಕದ ಚೌಕಗಳು
ಒಂದರ ಮಾತು ಇನ್ನೊಂದು ಕೇಳದಂತಾದಾಗ
ಆ ಸುತ್ತನ್ನು ಮಾತ್ರ, ಹೆಜ್ಜೆ ಹೆಜ್ಜೆಯೂ, ಬರೆದಿಡು.
ಉಳಿದ ಕೊಲ್ಲಿ ನಿದ್ದೆ ಮಾಡಲಿ.
ಮತ್ತೆ ಸರದಿಯಲ್ಲಿ ನಿಂತಳು. ಮುಂದೆ
ಯಾರದೋ ನಕ್ಷತ್ರ, ಯಾರದೋ ಪ್ರೋಟೀನು,
ಯಾರದೋ ಇನ್ನೂ ಬೀಸದ ಬಿರುಗಾಳಿ.
ಹತ್ತೊಂಬತ್ತು ದಿನ, ಎಂದಿತು ಪರದೆ.

ಮನೆಗೆ ಬಂದಾಗ ಹೊರಗೆ ಮೈನಸ್ ಇಪ್ಪತ್ತಾರು.
ಲೆಕ್ಕ ಮಾಡಿ ಮಾಡಿ ಯಂತ್ರ ಕಾಯಿಸಿದ ನೀರಿನ ಬಿಸಿ
ಕೊಳವೆ ಹಿಡಿದು ಊರಿನ ಮನೆಗಳಿಗೆ ಬರುತ್ತದೆ.
ಕೈಗವಸು ಕಳಚಿ
ರೇಡಿಯೇಟರಿನ ಮೇಲೆ ಅಂಗೈ ಊರಿದಳು.
ಕಳೆದ ತಿಂಗಳು ಆ ಲೆಕ್ಕ ಓಡುತ್ತಿದ್ದ ವಾರ
ಇದೇ ಬಿಸಿಯಲ್ಲಿ ಮಗನ ಒದ್ದೆ ಸಾಕ್ಸು ಹರವಿದ್ದಳು.
ಅಂದರೆ ಆ ಎಂಟು ಗಂಟೆ,
ಬಿರುಕು ಹುಟ್ಟಿದ ಆ ಒಂದು ಹೆಜ್ಜೆಯೂ ಸೇರಿ,
ಇಲ್ಲೇ, ಈ ಕೊಳವೆಯೊಳಗೇ ಹಾದು ಹೋಗಿತ್ತು,
ಸಾಕ್ಸು ಒಣಗಿಸಿಕೊಂಡು.

ನಗು ಬಂತು. ತಡೆದುಕೊಂಡಳು, ಮಗ ಮಲಗಿದ್ದ.
ಇನ್ನೊಂದು ಕೈಯನ್ನೂ ಊರಿದಳು.